ಕಿಟಕಿ ಮುಚ್ಚಿದರೂ ಎಚ್ಚರವಿರುವ ಅಂಚೆಯವನು

ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಸಂಜೆ ಹೊತ್ತು ಮೀರಿ ಅಂಚೆ ಕಚೇರಿಗೆ ಹೋದರೆ ಕಿಟಕಿ ಮುಚ್ಚಿರುತ್ತದೆ. ಅಂಚೆಚೀಟಿ ಕೊಳ್ಳಲು ಹೋದವರು ಬರಿಗೈಯಲ್ಲಿ ಹಿಂದಿರುಗಬೇಕು. ಆದರೆ ಕಿಟಕಿ ಮುಚ್ಚಿತೆಂದ ಮಾತ್ರಕ್ಕೆ ಅಂಚೆಯ ಕೆಲಸವೇ ನಿಂತಿತೆಂದು ಯಾರೂ ಹೇಳುವುದಿಲ್ಲ. ಆ ದಿನ ಬಂದ ಕಾಗದಗಳನ್ನು ವಿಂಗಡಿಸಬೇಕು, ಚೀಲಕ್ಕೆ ತುಂಬಬೇಕು, ಮೊಹರು ಹಾಕಿ ಮುಂದಿನ ಊರಿಗೆ ಕಳುಹಿಸಬೇಕು. ಗುಂಡ್ಲುಪೇಟೆಗೆ ರೈಲಿಲ್ಲ, ಚೀಲ ರಸ್ತೆಯ ಮೇಲೆಯೇ ಹೋಗಬೇಕು. ಕಿಟಕಿ ನಮಗಾಗಿ ಇರುವುದು. ಕೆಲಸ ನಡೆಯುವುದು ಅದರ ಹಿಂದೆ.

ಇಂದು ನಮ್ಮ ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ಹೆಚ್ಚಿನವು ಈಮೇಲ್‌ಗಳು. ಅವುಗಳಿಗಾಗಿಯೇ ರಚಿಸಿದ ಪ್ರೋಗ್ರಾಮುಗಳನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವವರೂ ಉಂಟು. 2004ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಕಂಡು ಇಂದಿಗೂ ಉಚಿತವಾಗಿ ದೊರೆಯುತ್ತಿರುವ ಥಂಡರ್‌ಬರ್ಡ್, ಕಚೇರಿಗಳಲ್ಲಿ ಕಾಣುವ ಔಟ್‌ಲುಕ್, ಲಿನಕ್ಸ್ ಬಳಸುವವರಿಗೆ ಪರಿಚಿತವಾದ ಗಿಯರಿ ಇವು ಕೆಲವು ಉದಾಹರಣೆಗಳು. ಇವುಗಳ ಮೂಲೆಯಲ್ಲಿರುವ × ಗುರುತನ್ನು ಒತ್ತಿದರೆ ಪರದೆಯ ಮೇಲಿನ ಕಿಟಕಿ ಮಾಯವಾಗುತ್ತದೆ. ಆಗ ಒಳಗಿದ್ದ ಅಂಚೆಯವನು ಏನಾದನು? ಅವನೂ ಮನೆಗೆ ಹೋದನೇ, ಇಲ್ಲವೇ ಕಿಟಕಿಯ ಹಿಂದೆ ಇನ್ನೂ ಎಚ್ಚರವಾಗಿದ್ದಾನೆಯೇ? ಪ್ರಶ್ನೆ ಚಿಕ್ಕದಾಗಿ ಕಾಣಬಹುದು. ಆದರೆ ಅರ್ಜಿಯ ಕೊನೆಯ ದಿನ ಇದರ ಉತ್ತರವನ್ನು ತಿಳಿಯದವನು ಒಂದು ವರ್ಷವನ್ನೇ ಕಳೆದುಕೊಳ್ಳುವ ಸಂಭವವುಂಟು.

ಮೊದಲು ಕಿಟಕಿ ಬೇರೆ, ಪ್ರೋಗ್ರಾಮು ಬೇರೆ ಎಂಬುದನ್ನು ಗಮನಿಸಬೇಕು. ಡಿಸ್ಕಿನಲ್ಲಿ ಮಲಗಿರುವ ಪ್ರೋಗ್ರಾಮು ಬರಿಯ ಬರಹ, ಅಡುಗೆಯ ಪುಸ್ತಕದಂತೆ. ಅದನ್ನು ತೆರೆದೊಡನೆ ಕಂಪ್ಯೂಟರು ಅದಕ್ಕಾಗಿ ನೆನಪಿನ ಕೋಶದಲ್ಲಿ ಸ್ವಲ್ಪ ಸ್ಥಳವನ್ನು ಬಿಟ್ಟುಕೊಟ್ಟು, ಒಂದು ಗುರುತಿನ ಸಂಖ್ಯೆಯನ್ನು ನೀಡಿ, ಕೆಲಸಕ್ಕೆ ಹಚ್ಚುತ್ತದೆ. ಹೀಗೆ ಓಡುತ್ತಿರುವ ಪ್ರೋಗ್ರಾಮಿಗೆ ಪ್ರೋಸೆಸ್ ಎಂದು ಹೆಸರು. ನಾವು ಪರದೆಯಲ್ಲಿ ಕಾಣುವ ಕಿಟಕಿಯು ಆ ಪ್ರೋಸೆಸ್ ನಮಗೆ ತೋರಿಸಲೆಂದು ಬರೆದುಕೊಂಡ ಒಂದು ಚಿತ್ರ ಮಾತ್ರ. ಚಿತ್ರವನ್ನು ಅಳಿಸಿದೊಡನೆ ಚಿತ್ರಕಾರನೂ ಅಳಿಯಬೇಕೆಂಬ ನಿಯಮವಿಲ್ಲ. × ಒತ್ತಿದಾಗ ಪ್ರೋಗ್ರಾಮಿಗೆ ತಲಪುವುದು ‘ಕಿಟಕಿಯನ್ನು ಮುಚ್ಚು’ ಎಂಬ ಒಂದು ಸೂಚನೆ. ಆಮೇಲೆ ಏನು ಮಾಡಬೇಕೆಂಬುದನ್ನು ಪ್ರೋಗ್ರಾಮನ್ನು ಬರೆದವರು ಮೊದಲೇ ನಿರ್ಧರಿಸಿರುತ್ತಾರೆ. ವಿಂಡೋಸ್‌ನಲ್ಲಿ ಕೊನೆಯ ಕಿಟಕಿ ಮುಚ್ಚಿದರೆ ಪ್ರೋಗ್ರಾಮೂ ಮುಗಿಯುವುದು ಸಾಮಾನ್ಯವಾದ ರೂಢಿ. ಆಪಲ್ ಕಂಪನಿಯ ಮ್ಯಾಕ್‌ನಲ್ಲಿ ಕೆಂಪು ಗುಂಡಿಯನ್ನೊತ್ತಿ ಕಿಟಕಿ ಮುಚ್ಚಿದರೂ ಮೇಲ್ ಪ್ರೋಗ್ರಾಮು ಓಡುತ್ತಲೇ ಇರುತ್ತದೆ. ಒಂದೇ ಕ್ರಿಯೆಗೆ ಎರಡು ಯಂತ್ರಗಳಲ್ಲಿ ಎರಡು ಅರ್ಥಗಳಿರುವುದರಿಂದಲೇ ಈ ಗೊಂದಲ.

ಕಾಣದೆ ಓಡುತ್ತಿರುವ ಪ್ರೋಗ್ರಾಮು ಏನು ಮಾಡುತ್ತಿರುತ್ತದೆ? ಬಹುಪಾಲು ಹೊತ್ತು ಏನನ್ನೂ ಮಾಡುವುದಿಲ್ಲ, ಕಾಯುತ್ತಿರುತ್ತದೆ. ಗುಂಡ್ಲುಪೇಟೆಯ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಬಂಡೀಪುರದ ಕಾಡನ್ನು ಹಾದು ಕೋಳಿಕ್ಕೋಡಿಗೂ ಊಟಿಗೂ ಹೋಗುವ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಮದ್ದೂರಿನ ಚೆಕ್‌ಪೋಸ್ಟಿನಲ್ಲಿ ಅಡ್ಡಗಂಬ ಕೆಳಗಿಳಿದಿರುತ್ತದೆ. ಆದರೆ ಕಾವಲಿನವರು ಅಲ್ಲಿಯೇ ಇರುತ್ತಾರೆ. ರೋಗಿಯನ್ನು ಹೊತ್ತ ಆಂಬುಲೆನ್ಸು ಬಂದರೆ ಎದ್ದು ಗಂಬವನ್ನೆತ್ತುತ್ತಾರೆ, ಮತ್ತೆ ಕುಳಿತುಕೊಳ್ಳುತ್ತಾರೆ. ರಾತ್ರಿಯಿಡೀ ಗಂಬವನ್ನು ಎತ್ತಿ ಇಳಿಸುತ್ತ ಕೂರುವ ಅಗತ್ಯ ಅವರಿಗಿಲ್ಲ. ಕಂಪ್ಯೂಟರಿನ ಪ್ರೋಸೆಸರು ಕೂಡ ತನ್ನ ಸಮಯವನ್ನು ಸೆಕೆಂಡಿನ ಅತಿ ಸಣ್ಣ ತುಣುಕುಗಳಾಗಿ ಕತ್ತರಿಸಿ ಕೆಲಸವಿರುವವರಿಗೆ ಮಾತ್ರ ಹಂಚುತ್ತದೆ. ಪತ್ರಕ್ಕಾಗಿ ಕಾಯುತ್ತಿರುವ ಪ್ರೋಸೆಸ್ಸನ್ನು ಅದು ಪಕ್ಕಕ್ಕೆ ಕೂರಿಸಿ, ಸುದ್ದಿ ಬಂದಾಗ ಮಾತ್ರ ಎಬ್ಬಿಸುತ್ತದೆ. ಆದ್ದರಿಂದ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮುಗಳೆಲ್ಲ ಯಂತ್ರವನ್ನು ಬಳಲಿಸುತ್ತವೆಂಬ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ನೆನಪಿನ ಕೋಶದಲ್ಲಿ ಅವು ಸ್ಥಳವನ್ನು ಹಿಡಿದಿಟ್ಟುಕೊಳ್ಳುವುದೇನೋ ನಿಜ. ಹಳೆಯ ಯಂತ್ರಗಳಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ರಿಯವಾಗಬಹುದಾದ ಒಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗದು. ತೆರೆಯ ಮರೆಯಲ್ಲಿ ಸದಾ ಕೆಲಸಕ್ಕೆ ಸಿದ್ಧವಾಗಿರುವ ಪ್ರೋಗ್ರಾಮಿಗೆ ಕಂಪ್ಯೂಟರ್ ತಜ್ಞರು ‘ಡೀಮನ್’ ಎನ್ನುತ್ತಾರೆ. 1867ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ತನ್ನ ಮಿತ್ರ ಟೇಟ್‌ಗೆ ಬರೆದ ಪತ್ರದಲ್ಲಿ ಒಂದು ಪುಟ್ಟ ಜೀವಿಯನ್ನು ಕಲ್ಪಿಸಿದನು. ಎರಡು ಕೋಣೆಗಳ ನಡುವಿನ ಕಿಂಡಿಯಲ್ಲಿ ಕುಳಿತು, ವೇಗವಾದ ಅಣುಗಳನ್ನು ಒಂದು ಕಡೆಗೂ ನಿಧಾನವಾದವುಗಳನ್ನು ಇನ್ನೊಂದು ಕಡೆಗೂ ಬಿಡುವುದೇ ಅದರ ಕೆಲಸ. ಮುಂದೆ ವಿಲಿಯಂ ಥಾಮ್ಸನ್ ಅದಕ್ಕೆ ‘ಡೀಮನ್’ ಎಂದು ಹೆಸರಿಟ್ಟನು; ನಾವು ತರಗತಿಯಲ್ಲಿ ‘ಮ್ಯಾಕ್ಸ್‌ವೆಲ್ಲನ ಭೂತ’ ಎನ್ನುತ್ತೇವೆ. ಸುಮಾರು 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡದವರು ಒಂದು ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಕಟ್ಟುತ್ತಿದ್ದಾಗ, ಯಾರ ಕಣ್ಣಿಗೂ ಬೀಳದೆ ಮನೆಗೆಲಸ ಮಾಡುವ ಪ್ರೋಗ್ರಾಮುಗಳಿಗೆ ಈ ಭೂತದ ಹೆಸರನ್ನೇ ಎರವಲು ಪಡೆದರು. ಕಿಂಡಿಯ ಬಳಿ ಕುಳಿತು ಬರುವುದನ್ನು ನೋಡಿ ಬಿಡುವ ಕೆಲಸ ಎರಡಕ್ಕೂ ಸಮಾನವಷ್ಟೆ.

ಇನ್ನು ಪತ್ರದ ಕಡೆಗೆ ಬರೋಣ. ನಮಗೆ ಬರುವ ಈಮೇಲ್ ನೇರವಾಗಿ ನಮ್ಮ ಮೇಜಿನ ಮೇಲಿನ ಯಂತ್ರಕ್ಕೆ ಬರುವುದಿಲ್ಲ. ಹಗಲಿರುಳೂ ಓಡುವ ಸರ್ವರೊಂದರಲ್ಲಿ ಬಂದು ಬೀಳುತ್ತದೆ. ನಮ್ಮ ಪ್ರೋಗ್ರಾಮು ಮುಚ್ಚಿದ್ದರೂ, ಕಂಪ್ಯೂಟರನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೂ ಅದು ಅಲ್ಲಿ ಭದ್ರವಾಗಿರುತ್ತದೆ. ಬರುವ ಪತ್ರದ ಮಟ್ಟಿಗೆ ನಮಗಾಗುವ ನಷ್ಟವೆಂದರೆ ಸುದ್ದಿ ತಡವಾಗಿ ತಿಳಿಯುವುದು. ತಿಳಿಯುವ ಬಗೆ ಎರಡು. ಒಂದನೆಯದರಲ್ಲಿ ನಮ್ಮ ಪ್ರೋಗ್ರಾಮು ಗೊತ್ತಾದ ಹೊತ್ತಿಗೊಮ್ಮೆ ಸರ್ವರಿಗೆ ಹೋಗಿ ‘ಕಾಗದ ಬಂದಿದೆಯೇ?’ ಎಂದು ಕೇಳುತ್ತದೆ. 10 ನಿಮಿಷಕ್ಕೊಮ್ಮೆ ಕೇಳುವುದಾದರೆ ದಿನಕ್ಕೆ 144 ಬಾರಿ ಆಯಿತು; ಒಂದೂ ಕಾಗದ ಬಾರದ ದಿನವೂ 144 ಬಾರಿಯೇ. ಎರಡನೆಯದರಲ್ಲಿ ಪ್ರೋಗ್ರಾಮು ಸಂಪರ್ಕವನ್ನು ತೆರೆದಿಟ್ಟು ‘ಬಂದಾಗ ನೀನೇ ಕೂಗು’ ಎಂದು ಹೇಳಿ ಸುಮ್ಮನಿರುತ್ತದೆ. ಐಮ್ಯಾಪ್ ಎಂಬ ಅಂಚೆ ನಿಯಮಾವಳಿಗೆ 1997ರಲ್ಲಿ ಸೇರಿಸಿದ ಈ ಏರ್ಪಾಡಿಗೆ ‘ಐಡಲ್’ ಎಂದು ಹೆಸರು. ಬಹಳ ಹೊತ್ತು ಮೌನವಾಗಿದ್ದವರ ಸಂಪರ್ಕವನ್ನು ಸರ್ವರು 30 ನಿಮಿಷಗಳಾದ ಮೇಲೆ ಕಡಿದುಹಾಕಬಹುದಾದ್ದರಿಂದ 29 ನಿಮಿಷಕ್ಕೊಮ್ಮೆಯಾದರೂ ಈ ಕೋರಿಕೆಯನ್ನು ಹೊಸದಾಗಿ ಹೇಳಬೇಕೆಂಬುದು ಅಲ್ಲಿನ ಸಲಹೆ. ಆ ಲೆಕ್ಕದಲ್ಲಿ ದಿನಕ್ಕೆ ಸುಮಾರು 50 ಬಾರಿ ಸಾಕು, ಸುದ್ದಿಯೂ ಕ್ಷಣದಲ್ಲಿ ತಿಳಿಯುತ್ತದೆ. ಎರಡು ಬಗೆಗಳಿಗೂ ಪ್ರೋಗ್ರಾಮು ಓಡುತ್ತಿರಬೇಕೆಂಬುದನ್ನು ಮರೆಯಬಾರದು.

ಹೋಗುವ ಪತ್ರದ ವಿಷಯ ಇಷ್ಟು ಹಗುರವಾದುದಲ್ಲ. ಗುಂಡ್ಲುಪೇಟೆಯ ಒಬ್ಬ ವಿದ್ಯಾರ್ಥಿನಿ ವಿದ್ಯಾರ್ಥಿವೇತನದ ಅರ್ಜಿಯನ್ನು ಕೊನೆಯ ರಾತ್ರಿ ಕಳುಹಿಸುತ್ತಿದ್ದಾಳೆಂದು ಇಟ್ಟುಕೊಳ್ಳೋಣ. ಅಂಕಪಟ್ಟಿ ಮೊದಲಾದವುಗಳ ಪ್ರತಿಗಳು ಸೇರಿ 50 ಲಕ್ಷ ಬೈಟುಗಳಾಗಿವೆ. ಈಮೇಲ್ ಹುಟ್ಟಿದ್ದು ಅಕ್ಷರಗಳಿಗಾಗಿ; ಆದ್ದರಿಂದ ಚಿತ್ರಗಳನ್ನು ಕಳುಹಿಸುವಾಗ ಅವುಗಳ ಪ್ರತಿ 3 ಬೈಟುಗಳನ್ನು 4 ಅಕ್ಷರಗಳಾಗಿ ಮಾರ್ಪಡಿಸುತ್ತಾರೆ. ಸಾಲು ಮುರಿಯುವ ಗುರುತುಗಳೂ ಸೇರಿ 50 ಲಕ್ಷವು ಸುಮಾರು 68 ಲಕ್ಷ ಬೈಟುಗಳಾಗುತ್ತದೆ, ಎಂದರೆ 544 ಲಕ್ಷ ಬಿಟ್ಟುಗಳು. ಅವಳ ಮನೆಯಿಂದ ಹೊರಕ್ಕೆ ಹೋಗುವ ವೇಗ ಸೆಕೆಂಡಿಗೆ 5 ಲಕ್ಷ ಬಿಟ್ಟುಗಳಿದ್ದರೆ ಪತ್ರ ಸಾಗಲು ಸುಮಾರು 109 ಸೆಕೆಂಡು ಬೇಕು. ‘ಸೆಂಡ್’ ಒತ್ತಿ, ಕೆಲಸ ಮುಗಿಯಿತೆಂದು ಒಂದು ನಿಮಿಷದಲ್ಲಿಯೇ ಅವಳು ಪ್ರೋಗ್ರಾಮನ್ನು ಮುಗಿಸಿದರೆ ಪತ್ರ ಅರ್ಧದಾರಿಯಲ್ಲಿರುತ್ತದೆ.

ಅರ್ಧ ತಲಪಿದ ಪತ್ರಕ್ಕೆ ಬೆಲೆಯಿಲ್ಲ. 1982ರಲ್ಲಿ ರೂಪುಗೊಂಡ ಎಸ್‌ಎಂಟಿಪಿ ಎಂಬ ನಿಯಮದಂತೆ, ಪತ್ರದ ಕೊನೆಯ ಸಾಲು ತಲಪಿದ ಮೇಲೆ ಸರ್ವರು ‘250’ ಎಂಬ ಸಂಖ್ಯೆಯ ಉತ್ತರವನ್ನು ಕೊಡುತ್ತದೆ. ಪತ್ರದ ಹೊಣೆ ಸರ್ವರಿಗೆ ವರ್ಗವಾಗುವುದು ಆ ಕ್ಷಣದಲ್ಲಿ. ರಿಜಿಸ್ಟರ್ ಅಂಚೆಗೆ ರಸೀದಿ ಸಿಕ್ಕಂತೆ ಎನ್ನಬಹುದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾಗಿ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಲೀನವಾದ ನಮ್ಮ ಮೈಸೂರು ಅಂಚೆಯಲ್ಲಿಯೂ ಕಾಗದ ಒಬ್ಬ ಓಟಗಾರನ ಕೈಯಿಂದ ಇನ್ನೊಬ್ಬನ ಕೈಗೆ ಸೇರುವವರೆಗೆ ಹೊಣೆ ಮೊದಲನೆಯವನದೇ ತಾನೆ? ‘250’ ಬರುವ ಮುನ್ನ ಸಂಪರ್ಕ ಕಡಿದರೆ ಪತ್ರವು ನಮ್ಮ ಯಂತ್ರದ ‘ಔಟ್‌ಬಾಕ್ಸ್’ನಲ್ಲಿಯೋ ಕರಡುಗಳ ನಡುವೆಯೋ ಉಳಿಯುತ್ತದೆ. ಬಾಕಿಯಿದೆಯೆಂದು ಕೆಲವು ಪ್ರೋಗ್ರಾಮುಗಳು ಮುಚ್ಚುವಾಗ ಎಚ್ಚರಿಸುತ್ತವೆ. ವಿದ್ಯುತ್ತು ಹೋಗುವಾಗ ಎಚ್ಚರಿಸುವವರು ಯಾರು? ಪತ್ರವನ್ನು ನಾಳೆ ಬೆಳಗ್ಗೆ 8ಕ್ಕೆ ಕಳುಹಿಸೆಂದು ಔಟ್‌ಲುಕ್‌ನ ಹಳೆಯ ರೂಪಕ್ಕೆ ಹೇಳಿ ಮಲಗುವವರೂ ಗಮನಿಸಬೇಕು: ಪಾಪ್ ಅಥವಾ ಐಮ್ಯಾಪ್ ಖಾತೆಯಾದರೆ ಆ ಹೊತ್ತಿನವರೆಗೆ ಪ್ರೋಗ್ರಾಮು ಓಡುತ್ತಲೇ ಇರಬೇಕು. ಇಂತಹ ದಿನಗಳಲ್ಲಿ ‘ಸೆಂಟ್’ ಎಂಬ ಕಡತವನ್ನು ತೆರೆದು, ಪತ್ರ ಅಲ್ಲಿ ಬಂದು ಕುಳಿತಿದೆಯೇ ಎಂದು ಕಣ್ಣಾರೆ ನೋಡುವ ಅಭ್ಯಾಸ ಒಳ್ಳೆಯದು.

ಕಿಟಕಿಯನ್ನು ಸರಿಸಿ ಪ್ರೋಗ್ರಾಮನ್ನು ಉಳಿಸಿಕೊಳ್ಳುವ ಉಪಾಯ ಸರಳವಾದುದು. ಥಂಡರ್‌ಬರ್ಡಿನಲ್ಲಿ 2020ರ 78ನೆಯ ಆವೃತ್ತಿಯಿಂದ ವಿಂಡೋಸ್ ಬಳಸುವವರಿಗೆ ಒಂದು ಅನುಕೂಲ ದೊರಕಿದೆ. ‘ಸೆಟ್ಟಿಂಗ್ಸ್’ನ ‘ಜನರಲ್’ ಭಾಗದಲ್ಲಿ, ಕಿಟಕಿಯನ್ನು ಕಿರಿದುಗೊಳಿಸಿದಾಗ ಪ್ರೋಗ್ರಾಮನ್ನು ಟ್ರೇಗೆ ಸರಿಸುವ ಆಯ್ಕೆಯನ್ನು ಗುರುತು ಮಾಡಬೇಕು. ಟ್ರೇ ಎಂದರೆ ಪರದೆಯ ಕೆಳಗಿನ ಬಲ ಮೂಲೆಯಲ್ಲಿ ಗಡಿಯಾರದ ಬಳಿ ಪುಟ್ಟ ಚಿತ್ರಗಳು ನಿಲ್ಲುವ ಸ್ಥಳ. ಆಮೇಲೆ × ಗುರುತಿನ ಬದಲು ಅಡ್ಡಗೆರೆಯ ಗುರುತನ್ನು ಒತ್ತಿದರಾಯಿತು. ಔಟ್‌ಲುಕ್‌ನ ಹಳೆಯ ರೂಪದಲ್ಲಿ ಟ್ರೇಯಲ್ಲಿರುವ ಚಿತ್ರದ ಮೇಲೆ ಬಲಗುಂಡಿಯನ್ನೊತ್ತಿದರೆ ಇಂತಹದೇ ಆಯ್ಕೆ ದೊರೆಯುತ್ತದೆ. ಗಿಯರಿಯಲ್ಲಿ ಮುಚ್ಚಿದ ಮೇಲೂ ಹೊಸ ಪತ್ರಗಳಿಗಾಗಿ ಕಾಯುವಂತೆ ಹೇಳುವ ಆಯ್ಕೆಯೇ ಇದೆ. ಅಲ್ಲಿ × ಒತ್ತಿದರೂ ಚಿಂತೆಯಿಲ್ಲ.

ನಮ್ಮ ಮಾತನ್ನು ನಂಬಿ ಸುಮ್ಮನಿರುವುದಕ್ಕಿಂತ ಪರೀಕ್ಷಿಸಿ ನೋಡುವುದು ಮೇಲು. ಥಂಡರ್‌ಬರ್ಡನ್ನು ತೆರೆದು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿರಿ. ಟಾಸ್ಕ್ ಮ್ಯಾನೇಜರಿನ ಪಟ್ಟಿಯಲ್ಲಿ ಅದರ ಹೆಸರು ಕಾಣುತ್ತದೆ. ಕಿಟಕಿಯನ್ನು ಟ್ರೇಗೆ ಸರಿಸಿ. ಪರದೆಯಲ್ಲಿ ಏನೂ ಇಲ್ಲದಿದ್ದರೂ ಹೆಸರು ಪಟ್ಟಿಯಲ್ಲಿ ಉಳಿದಿರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅದರ ಮುಂದಿನ ಸಿಪಿಯು ಅಂಕಿಯನ್ನು ನೋಡಿ: ಹೆಚ್ಚಾಗಿ ಸೊನ್ನೆಯ ಆಸುಪಾಸಿನಲ್ಲಿಯೇ ಇರುತ್ತದೆ. ನೆನಪಿನ ಕೋಶದ ಅಂಕಿ ಮಾತ್ರ ಅಷ್ಟು ಇಳಿಯುವುದಿಲ್ಲ. ಈಗ ಟ್ರೇಯ ಚಿತ್ರದಿಂದ ಕಿಟಕಿಯನ್ನು ಮತ್ತೆ ತೆರೆದು, ಮೆನುವಿನಲ್ಲಿರುವ ‘ಎಕ್ಸಿಟ್’ ಒತ್ತಿದರೆ ಹೆಸರೂ ಅಳಿಸಿಹೋಗುತ್ತದೆ.

ಈ ಏರ್ಪಾಡಿಗೆ ಮಿತಿಗಳಿವೆ. ಲ್ಯಾಪ್‌ಟಾಪಿನ ಮುಚ್ಚಳವನ್ನು ಮುಚ್ಚಿದರೆ ಸಾಮಾನ್ಯವಾಗಿ ಯಂತ್ರವೇ ನಿದ್ರೆಗೆ ಇಳಿಯುತ್ತದೆ. ಪ್ರೋಸೆಸರೇ ಮಲಗಿದ ಮೇಲೆ ಹಿನ್ನೆಲೆಯ ಪ್ರೋಗ್ರಾಮು ಓಡುವ ಮಾತೆಲ್ಲಿ? ಯುಪಿಎಸ್ ಇಲ್ಲದ ಮೇಜಿನ ಕಂಪ್ಯೂಟರಿಗೆ ವಿದ್ಯುತ್ತು ಹೋದಾಗಲೂ ಇದೇ ಗತಿ. ವಿದ್ಯುತ್ತು ಮರಳಿದ ಮೇಲೆ ಪ್ರೋಗ್ರಾಮನ್ನು ನಾವೇ ಮತ್ತೆ ತೆರೆಯಬೇಕು.

ಕಾಲೇಜಿನ ಪ್ರಯೋಗಶಾಲೆಯಲ್ಲಿಯೋ ಪೇಟೆಯ ಸೈಬರ್ ಅಂಗಡಿಯಲ್ಲಿಯೋ ಹಲವರು ಬಳಸುವ ಯಂತ್ರದಲ್ಲಿ ಮಾತ್ರ ಮೇಲೆ ಹೇಳಿದುದನ್ನೆಲ್ಲ ತಿರುವುಮುರುವಾಗಿ ತಿಳಿಯಬೇಕು. ಅಲ್ಲಿ ಕಿಟಕಿಯನ್ನು ಮುಚ್ಚಿ ಎದ್ದುಹೋದ ವಿದ್ಯಾರ್ಥಿಯ ಪ್ರೋಗ್ರಾಮು ಟ್ರೇಯಲ್ಲಿ ಎಚ್ಚರವಾಗಿದ್ದರೆ, ಮುಂದೆ ಬಂದು ಕುಳಿತವನ ಕಣ್ಣಿಗೆ ಆ ಪತ್ರಗಳ ಹೆಸರೂ ವಿಷಯವೂ ಒಂದೊಂದಾಗಿ ಮೂಲೆಯಲ್ಲಿ ಮೂಡತೊಡಗುತ್ತವೆ. ಟ್ರೇಯ ಚಿತ್ರದ ಮೇಲೆ ಒಂದು ಸಲ ಒತ್ತಿದರೆ ಇಡೀ ಅಂಚೆಪೆಟ್ಟಿಗೆಯೇ ತೆರೆದುಕೊಳ್ಳುತ್ತದೆ. ಅಂತಹ ಯಂತ್ರಗಳಲ್ಲಿ ಬ್ರೌಸರಿನ ಮೂಲಕ ಪತ್ರವನ್ನು ನೋಡಿ, ಖಾತೆಯಿಂದ ಹೊರಬಂದು, ಟಾಸ್ಕ್ ಮ್ಯಾನೇಜರಿನ ಪಟ್ಟಿಯನ್ನೊಮ್ಮೆ ನೋಡಿಯೇ ಏಳಬೇಕು.