ದುಬಲಗುಂಡಿಯ ಕಬ್ಬಿನಂಚಿನಲ್ಲಿ ಕಾಡುಬೆಕ್ಕು

ಕಾಡುಬೆಕ್ಕನ್ನು ನೋಡಲು ಕಾಡಿಗೇ ಹೋಗಬೇಕೆಂದಿಲ್ಲ. ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿ ಸೀಮೆಯ ಕಬ್ಬು, ತೊಗರಿ, ಜೋಳದ ಹೊಲಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಇಲಿಯೇ ಅದರ ಮುಖ್ಯ ಆಹಾರ. ರಾಜಸ್ಥಾನದ ಸರಿಸ್ಕಾದಲ್ಲಿ ಶೋಮಿತಾ ಮುಖರ್ಜಿ ಮತ್ತು ಸಂಗಡಿಗರು ಮಾಡಿದ ಅಧ್ಯಯನದ (2004) ಅಂದಾಜಿನಂತೆ ಒಂದು ಬೆಕ್ಕು ದಿನಕ್ಕೆ 3ರಿಂದ 5 ಇಲಿ ಹಿಡಿಯುತ್ತದೆ. ರೈತನಿಗೆ ಇದಕ್ಕಿಂತ ಒಳ್ಳೆಯ ನೆರೆ ಸಿಗಲಾರದು.

ಹುಮನಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿದೆ. ಬೀದರ್–ಕಲಬುರಗಿ ಮಾರ್ಗದ ರೈಲೂ ನಿಲ್ಲುತ್ತದೆ. ಅಲ್ಲೋ ಬಸವಕಲ್ಯಾಣದಲ್ಲೋ ಉಳಿದುಕೊಳ್ಳಿ. ನಸುಕಿಗೇ ಹೊಲ ಮುಟ್ಟಬೇಕು, ವಾಹನ ಜೊತೆಗಿರಲಿ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಕಬ್ಬು ಕಡಿದಂತೆಲ್ಲ ಬೆಕ್ಕಿಗೆ ಮರೆ ಕಡಿಮೆಯಾಗುತ್ತದೆ. ಹಿಂದಿನ ದಿನವೇ ಹೊಲದ ಯಜಮಾನರನ್ನು ಕಂಡು ಒಪ್ಪಿಗೆ ಪಡೆಯಿರಿ. ಕಬ್ಬು ಕಡಿಯುವ ಗ್ಯಾಂಗಿನವರನ್ನೂ ಮಾತಾಡಿಸಿ. ಬೆಕ್ಕು ಯಾವ ಬದುವಿನ ಮೇಲೆ ದಾಟುತ್ತದೆಂದು ಅವರಿಗೆ ಗೊತ್ತಿರುತ್ತದೆ.

ಊರ ಬೆಕ್ಕೆಂದು ಕಡೆಗಣಿಸಬೇಡಿ. ಉದ್ದ ಕಾಲು, ಮಣ್ಣುಬಣ್ಣದ ಮೈ, ದೊಡ್ಡ ಕಿವಿ, ಕಿವಿಯ ತುದಿಯಲ್ಲಿ ಸಣ್ಣ ಕಪ್ಪು ಕೂದಲು. ಬಾಲ ನೋಡಿದರೆ ಅನುಮಾನ ತೀರುತ್ತದೆ: ಗಿಡ್ಡ, ತುದಿಯತ್ತ ಕಪ್ಪು ಉಂಗುರ, ತುದಿಯೂ ಕಪ್ಪು.

ಕಾರಿನಿಂದ ಇಳಿಯದೆ ಕಾಯುವುದೇ ವಾಸಿ; ಇಂಜಿನ್ ಆರಿಸಿ, ಬಾಗಿಲು ಬಡಿಯಬೇಡಿ. ಬೆಕ್ಕಿನ ಕಿವಿ ಬಲು ಚುರುಕು. ಇಲಿಯ ಸಪ್ಪಳ ಕೇಳಿದರೆ ಬೆಕ್ಕು ರವದಿಯ (ಕಬ್ಬಿನ ಒಣಗರಿ) ಮುಂದೆ ಕಲ್ಲಿನಂತೆ ನಿಲ್ಲುತ್ತದೆ, ಕಿವಿಯೆರಡೂ ಮುಂದಕ್ಕೆ ಬಾಗುತ್ತವೆ, ಆಮೇಲೆ ಒಂದೇ ನೆಗೆತ. ಫೋಟೊ ತೆಗೆಯಲು ಆ ನಿಲುವೇ ನಿಮ್ಮ ಅವಕಾಶ. 400 ಮಿ.ಮೀ. ಲೆನ್ಸ್, ಐಎಸ್‌ಒ 1600ರ ಆಸುಪಾಸು, ಶಟರ್ 1/500, ಫೋಕಸ್ ಕಣ್ಣಿನ ಮೇಲೆ. ನೆಗೆತವೇ ಬೇಕೆಂದರೆ 1/1600ಕ್ಕೆ ಏರಿಸಿ, ಬಿಸಿಲು ಬರುವವರೆಗೆ ತಾಳಿ. ರಾತ್ರಿ ಫ್ಲ್ಯಾಶ್, ಸರ್ಚ್‌ಲೈಟ್ ಬೇಡವೇ ಬೇಡ. ಕೋಳಿಮಾಂಸ ಇಟ್ಟು ಕರೆಯುವುದಂತೂ ಬೆಕ್ಕಿಗೆ ಬಗೆದ ದ್ರೋಹ; ನಾಳೆ ಅದು ಕೋಳಿಗೂಡಿಗೆ ನುಗ್ಗಿ ಏಟು ತಿನ್ನುತ್ತದೆ.

ಕಟಾವಿನ ವೇಳೆ ಮರಿಗಳು ಕಂಡರೆ ಮುಟ್ಟಬೇಡಿ, ಫೋಟೊಗಾಗಿ ಸುತ್ತುವರಿಯಲೂಬೇಡಿ. ಚಿರತೆ ಮರಿಯೆಂದು ಗಾಬರಿಯಾಗುವವರಿಗೆ ತಿಳಿಹೇಳಿ. ಆ ಮೂಲೆಯ ಕಬ್ಬನ್ನು ಒಂದೆರಡು ದಿನ ಹಾಗೇ ಬಿಡುವಂತೆ ಯಜಮಾನರನ್ನು ಕೇಳಿಕೊಳ್ಳಿ. ಜನ ದೂರ ಸರಿದರೆ ತಾಯಿ ಸಾಮಾನ್ಯವಾಗಿ ರಾತ್ರಿ ಬಂದು ಒಯ್ಯುತ್ತದೆ. ಮರಿಗೆ ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.