ಹೊಟ್ಟೆಯ ಆಪರೇಷನ್‌ಗೆ ಭುಜ ಏಕೆ ನೋಯುತ್ತದೆ?

ಪ್ರಶ್ನೆ: ನನ್ನ ತಮ್ಮನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಹೊಟ್ಟೆಯ ಮೇಲೆ ಮೂರು ಸಣ್ಣ ತೂತುಗಳಷ್ಟೇ ಇವೆ. ಊದಿಕೊಂಡ ಅಪೆಂಡಿಕ್ಸ್ ಅಷ್ಟರಲ್ಲೇ ಹೇಗೆ ಹೊರಬಂತು? ಅವನಿಗೆ ಹೊಟ್ಟೆಗಿಂತ ಭುಜವೇ ಹೆಚ್ಚು ನೋಯುತ್ತಿದೆ, ಏಕೆ?

ಉತ್ತರ: ಭುಜದ ನೋವಿನ ಬಗ್ಗೆ ವೈದ್ಯರನ್ನು ಕೇಳಲು ಎಷ್ಟೋ ಮಂದಿ ಸಂಕೋಚಪಡುತ್ತಾರೆ.

ಅಪೆಂಡಿಕ್ಸ್ ಎಂದರೆ ದೊಡ್ಡಕರುಳು ಶುರುವಾಗುವಲ್ಲಿ, ಹೊಟ್ಟೆಯ ಬಲ ಕೆಳಭಾಗದಲ್ಲಿರುವ ಕಿರುಬೆರಳಿನಂಥ ನಳಿಕೆ. ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ಹೊಕ್ಕುಳ ಬಳಿ ಸುಮಾರು 10 ಮಿ.ಮೀ. ತೂತು ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲ ತುಂಬುತ್ತಾರೆ. ಆಗ ಹೊಟ್ಟೆಯ ಗೋಡೆ ಕರುಳಿನಿಂದ ಮೇಲೆದ್ದು, ನೋಡಲು, ಕೈಯಾಡಿಸಲು ಜಾಗ ಸಿಗುತ್ತದೆ. ಈ ಅನಿಲವೇ ಏಕೆಂದರೆ, ರಕ್ತನಾಳ ಮುಚ್ಚಲು ವಿದ್ಯುತ್ ಶಾಖ ಬಳಸಿದರೂ ಅದು ಹೊತ್ತಿಕೊಳ್ಳುವುದಿಲ್ಲ. ರಕ್ತದಲ್ಲಿ ಬೇಗ ಕರಗಿ ಉಸಿರಿನೊಡನೆ ಹೊರಹೋಗುತ್ತದೆ. ಒಂದು ತೂತಿನಲ್ಲಿ ಕ್ಯಾಮೆರಾ, ಉಳಿದೆರಡರಲ್ಲಿ ಉದ್ದನೆಯ ಉಪಕರಣಗಳು. ಅಪೆಂಡಿಕ್ಸ್‌ನ ರಕ್ತನಾಳ ಮುಚ್ಚಿ, ಬುಡಕ್ಕೆ ದಾರದ ಕುಣಿಕೆ ಬಿಗಿದು ಕತ್ತರಿಸುತ್ತಾರೆ. ಊದಿದ್ದರೂ ಅದು ಮೆತ್ತಗಿನ ಅಂಗ. ಚಿಕ್ಕ ಚೀಲದೊಳಗೆ ಹಾಕಿ ದೊಡ್ಡ ತೂತಿನಿಂದ ಎಳೆದುಕೊಳ್ಳುತ್ತಾರೆ. ಚೀಲ ಇರುವುದರಿಂದ ಕೀವು ಗಾಯಕ್ಕೆ ತಗಲುವುದಿಲ್ಲ.

ಇದನ್ನು ‘ಲೇಸರ್ ಆಪರೇಷನ್’ ಎನ್ನುವವರಿದ್ದಾರೆ. ಹಾಗೆ ಅನ್ನಿಸುವುದು ಸಹಜ, ಆದರೆ ಇದಕ್ಕೆ ಲೇಸರ್ ಬೇಕಿಲ್ಲ. ಹೊಟ್ಟೆ ತೆರೆದು ಮಾಡುವಾಗ ಒಳಗೆ ಏನನ್ನು ಕತ್ತರಿಸುತ್ತಾರೋ ಇಲ್ಲಿಯೂ ಅದನ್ನೇ. ಕಡಿಮೆಯಾಗುವುದು ಹೊರಗಿನ ಗಾಯ. ಆದ್ದರಿಂದ ಅಪೆಂಡಿಕ್ಸ್ ಒಡೆದಿದ್ದರೆ, ಕರುಳು ಅಂಟಿಕೊಂಡಿದ್ದರೆ ನಡುವೆಯೇ ಹೊಟ್ಟೆ ತೆರೆಯಬೇಕಾಗಬಹುದು. ಮನೆಯವರು ಅದನ್ನು ಸೋಲು ಎಂದುಕೊಳ್ಳಬಾರದು. ಸರಿಯಾಗಿ ಕಾಣದಾಗ ತೆರೆಯುವುದೇ ಜಾಣತನ.

1980ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಹೀಗೆ ತೂತುಗಳ ಮೂಲಕ ಅಪೆಂಡಿಕ್ಸ್ ಆಪರೇಷನ್ ಮೊದಲು ಮಾಡಿದ ಕುರ್ಟ್ ಸೆಮ್ ಸ್ತ್ರೀರೋಗ ತಜ್ಞರು. ಆಗ ಶಸ್ತ್ರಚಿಕಿತ್ಸಕರೇ ಅವರನ್ನು ಕಟುವಾಗಿ ವಿರೋಧಿಸಿದ್ದರು.

ಇನ್ನು ಭುಜ. ಕೊನೆಯಲ್ಲಿ ಅನಿಲವನ್ನು ಹೊರಬಿಟ್ಟರೂ ಸ್ವಲ್ಪ ಉಳಿದು, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯಾದ ವಪೆಯ ಕೆಳಗೆ ಸೇರುತ್ತದೆ. ವಪೆಯ ನರವೂ ಭುಜದ ಚರ್ಮದ ನರಗಳೂ ಹೊರಡುವುದು ಕುತ್ತಿಗೆಯ ಒಂದೇ ಭಾಗದ ಬೆನ್ನುಹುರಿಯಿಂದ. ಹೀಗಾಗಿ ವಪೆಗೆ ಕಿರಿಕಿರಿಯಾದರೆ ಮಿದುಳಿಗೆ ಭುಜವೇ ನೋಯುತ್ತಿದೆ ಎನಿಸುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಕಡಿಮೆಯಾಗುತ್ತದೆ. ವೈದ್ಯರು ಒಪ್ಪಿದರೆ ತಮ್ಮನನ್ನು ಆಗಾಗ ನಿಧಾನವಾಗಿ ನಡೆದಾಡಿಸಿ. ಜ್ವರ ಬಂದರೆ, ಹೊಟ್ಟೆನೋವು ಏರುತ್ತಿದ್ದರೆ, ಹೊಲಿಗೆ ಕೆಂಪಗಾಗಿ ಕೀವು ಕಂಡರೆ ಅಥವಾ ಉಸಿರಾಟ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.