ಸಣ್ಣ ಕಾಯಿನ್‌ಗೆ ಬೇಕಾದದ್ದು ದುಡಿಮೆ

ಬಿಟ್‌ಕಾಯಿನ್ ಕೋಡ್ ಎಲ್ಲರಿಗೂ ಮುಕ್ತ. ಅದನ್ನು ನಕಲಿಸಿ ಹೊಸ ಕಾಯಿನ್ ಹುಟ್ಟಿಸುವುದು ಸುಲಭ, ಸಾಕುವುದು ಕಷ್ಟ. ಮೈನಿಂಗ್ ಮಾಡುವವರು, ಅಂದರೆ ಗಣಕಶಕ್ತಿ ಬಳಸಿ ವಹಿವಾಟುಗಳನ್ನು ದಾಖಲಿಸುವವರು, ಕಡಿಮೆಯಿದ್ದರೆ, ಯಾರೋ ಅರ್ಧಕ್ಕಿಂತ ಹೆಚ್ಚು ಗಣಕಶಕ್ತಿಯನ್ನು ಬಾಡಿಗೆಗೆ ಪಡೆದು ಈಚಿನ ವಹಿವಾಟುಗಳನ್ನೇ ಬುಡಮೇಲು ಮಾಡಬಲ್ಲರು. 2018ರಲ್ಲಿ ವರ್ಟ್‌ಕಾಯಿನ್ ಎಂಬ ಸಣ್ಣ ಕಾಯಿನ್ ಮೇಲೆ ಇಂಥ ದಾಳಿ ನಡೆಯಿತು.

ಸಣ್ಣ ಕಾಯಿನ್ ಇಷ್ಟವಾದರೆ ಮೊದಲು ನೋಡಿ: ಕೋಡ್ ತೆರೆದಿದೆಯೇ? ಅದನ್ನು ಈಗಲೂ ಯಾರಾದರೂ ತಿದ್ದುತ್ತಿದ್ದಾರೆಯೇ? ಸ್ಥಾಪಕರು ಮೊದಲೇ ಎಷ್ಟು ಪಾಲು ಎತ್ತಿಟ್ಟುಕೊಂಡಿದ್ದಾರೆ? ಉತ್ತರ ಸಮಾಧಾನ ತಂದರೆ ನಿಮ್ಮ ಕಂಪ್ಯೂಟರಿನಲ್ಲಿ ನೋಡ್ (ವಹಿವಾಟುಗಳನ್ನು ಪರಿಶೀಲಿಸುವ ತಂತ್ರಾಂಶ) ನಡೆಸಿ, ದೋಷ ಹುಡುಕಿ ತಿಳಿಸಿ, ವಾಲೆಟ್ಟನ್ನು ಕನ್ನಡಕ್ಕೆ ತನ್ನಿ.

ದುಡ್ಡು ಹಾಕುವ ಮುನ್ನ ನೆನಪಿರಲಿ: ಭಾರತದಲ್ಲಿ ಇಂಥ ಕಾಯಿನ್ ಮಾರಿ ಬಂದ ಲಾಭಕ್ಕೆ ಶೇ 30 ತೆರಿಗೆ, ಒಂದು ಕಾಯಿನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಸಾಲ ಮಾಡಿ ಮಾತ್ರ ಕೊಳ್ಳಬೇಡಿ.